ಕೋಟೆ ಬಿದ್ದದ್ದು ಯಾರ ಮಾತಿಗೆ?

ಕೋಟೆಗಳ ಕಥೆ ಓದುವಾಗಲೆಲ್ಲ ನನಗೊಂದು ಅಭ್ಯಾಸ. ಗೋಡೆ ಎಷ್ಟು ಸುತ್ತಿನದು, ಬುರುಜು ಎಷ್ಟು, ಒಳಗೆ ಕೊಳ ಎಷ್ಟು ಎಂಬುದನ್ನೆಲ್ಲ ಆಮೇಲೆ ನೋಡುತ್ತೇನೆ. ಮೊದಲು ಹುಡುಕುವುದು ಆ ಕೋಟೆಯೊಳಗಿದ್ದ ಹೆಂಗಸರನ್ನು. ಅವರು ಸಾಮಾನ್ಯವಾಗಿ ಎರಡೇ ಕಡೆ ಕಣ್ಣಿಗೆ ಬೀಳುತ್ತಾರೆ. ಒಂದು, ಕೋಟೆ ಉಳಿಸಿದ ಕಥೆಯಲ್ಲಿ, ಚಿತ್ರದುರ್ಗದ ಕಿಂಡಿಯ ಬಳಿ ಒನಕೆ ಹಿಡಿದು ನಿಂತ ಓಬವ್ವನ ಹಾಗೆ. ಇನ್ನೊಂದು, ಕೋಟೆ ಬೀಳಿಸಿದ ಕಥೆಯಲ್ಲಿ. ಉಳಿಸಿದವಳ ಕೈಯಲ್ಲಿ ಒನಕೆ ಇರುತ್ತದೆ. ಬೀಳಿಸಿದವಳ ಬಾಯಲ್ಲಿ ನಾಲಗೆ ಇರುತ್ತದೆ, ಅಷ್ಟೇ! ನಮ್ಮ ಕೊಳ್ಳೇಗಾಲದ ಕಡೆಯ ಶಿವನಸಮುದ್ರದ ಕೋಟೆಯ ಕಥೆ ಈ ಎರಡನೆಯ ಜಾತಿಗೆ ಸೇರಿದ್ದು.

ಶಿವನಸಮುದ್ರ ಎಂದರೆ ನಿಮಗೆಲ್ಲ ಜಲಪಾತ ನೆನಪಾಗುತ್ತದೆ. ಮಕ್ಕಳನ್ನು ಕರೆದುಕೊಂಡು ಬುತ್ತಿ ಕಟ್ಟಿಕೊಂಡು ಹೋಗಿ ಬಂದಿರುತ್ತೀರಿ. ಕಾವೇರಿ ಅಲ್ಲಿ ಎರಡು ಕವಲಾಗಿ ಒಡೆದು, ನಡುವೆ ಒಂದು ದ್ವೀಪವನ್ನು ಬಿಟ್ಟು, ಒಂದು ಕಡೆ ಗಗನಚುಕ್ಕಿಯಾಗಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಧುಮುಕುತ್ತಾಳೆ. 1902ರಲ್ಲಿ ಇಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋದದ್ದು, 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಬೆಳಗಿದ್ದು ಶಾಲೆಯ ಪುಸ್ತಕದಲ್ಲೇ ಇದೆ. ಆದರೆ ಆ ದ್ವೀಪ ಒಂದು ಕಾಲಕ್ಕೆ ಕೋಟೆ ಕಟ್ಟಿದ ಪಟ್ಟಣವಾಗಿತ್ತು ಎಂಬುದು ಅಲ್ಲಿಗೆ ಹೋಗಿ ಬಂದ ಎಷ್ಟೋ ಜನಕ್ಕೆ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ಕಣ್ಣಿಗೆ ಕಾಣುವ ಅರಮನೆ ಇಲ್ಲ. ಮಧ್ಯರಂಗನೆಂದು ಕರೆಯಿಸಿಕೊಳ್ಳುವ ರಂಗನಾಥನ ಗುಡಿ ಇದೆ, ಸೋಮೇಶ್ವರನ ಗುಡಿ ಇದೆ, ಗಗನಚುಕ್ಕಿಯ ಪಕ್ಕದಲ್ಲಿ ಒಂದು ದರ್ಗಾ ಇದೆ. ಆಳಿದವರ ಮನೆ ಹೋಗಿದೆ, ಬೇಡಿಕೊಂಡವರ ಜಾಗಗಳು ಉಳಿದಿವೆ.

ಅರಮನೆ ಹೋದರೂ ಕಥೆ ಹೋಗಿಲ್ಲ. ಅದು ಹೀಗಿದೆ.

ಶಿವನಸಮುದ್ರವನ್ನು ಗಂಗರಾಜನೆಂಬ ದೊರೆ ಕಟ್ಟಿದ. ಅವನ ನಂತರ ಬಂದ ನಂದಿರಾಜ ಯಾವುದೋ ದೋಷದ ಪ್ರಾಯಶ್ಚಿತ್ತಕ್ಕೆಂದು ಹೆಂಡತಿಯ ಸಮೇತ ಕುದುರೆಯೇರಿ ಗಗನಚುಕ್ಕಿಗೆ ಹಾರಿಕೊಂಡ. ಅವನ ಮಗ ಇನ್ನೊಬ್ಬ ಗಂಗರಾಜ. ಇವನ ಕಾಲದಲ್ಲಿ ಪಟ್ಟಣ ಬೆಳೆಯಿತು, ವೈಭವ ಹೆಚ್ಚಿತು. ಇವನಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳನ್ನು ಸತ್ತೇಗಾಲದ ಹತ್ತಿರದ ಒಬ್ಬ ಪಾಳೆಯಗಾರನಿಗೆ, ಇನ್ನೊಬ್ಬಳನ್ನು ಮದ್ದೂರಿನ ಬಳಿಯ ನಗರಕೆರೆಯ ಪಾಳೆಯಗಾರನಿಗೆ ಕೊಟ್ಟ. ಮಕ್ಕಳು ಗಂಡನ ಮನೆಯಲ್ಲಿ ಸುಖವಾಗಿರಲಿಲ್ಲ. ನಮ್ಮಪ್ಪನ ಮನೆ ಹಾಗಿತ್ತು, ನಿಮ್ಮ ಮನೆ ಹೀಗಿದೆ ಎಂದು ಗಂಡಂದಿರನ್ನು ಸದಾ ಹಂಗಿಸುತ್ತಿದ್ದರು. ಅಳಿಯಂದಿರಿಬ್ಬರಿಗೂ ರೋಸಿಹೋಯಿತು. ನಿಮ್ಮಪ್ಪನಿಗಿಂತ ನಾವೇ ಬಲಶಾಲಿಗಳೆಂದು ತೋರಿಸುತ್ತೇವೆ ಎಂದು ಒಟ್ಟಾಗಿ ದಂಡು ಕಟ್ಟಿಕೊಂಡು ಮಾವನ ಕೋಟೆಗೆ ಮುತ್ತಿಗೆ ಹಾಕಿದರು.

ಹನ್ನೆರಡು ವರ್ಷ ಮುತ್ತಿಗೆ ನಡೆಯಿತು. ಕೋಟೆ ಜಗ್ಗಲಿಲ್ಲ. ಕೊನೆಗೆ ಅಳಿಯಂದಿರು ಗಂಗರಾಜನ ದಳವಾಯಿಯನ್ನು ಒಳಗೆ ಹಾಕಿಕೊಂಡರು. ಹೊಳೆಯನ್ನು ನಡೆದು ದಾಟಬಹುದಾಗಿದ್ದ ಒಂದೇ ಒಂದು ಜಾಗದಿಂದ ಅವನು ಕಾವಲನ್ನು ತೆಗೆಸಿದ. ಶತ್ರುಗಳು ದಾಟಿ ಬರುವಷ್ಟು ಹೊತ್ತು ದೊರೆಯನ್ನು ಚದುರಂಗದ ಮುಂದೆ ಕೂರಿಸಿಕೊಂಡ. ಹೊರಗೆ ಗಲಾಟೆ ಕೇಳಿಸಿದಾಗ, ಏನೂ ಇಲ್ಲ ಪ್ರಭು, ಮಕ್ಕಳು ಆಡುತ್ತಿವೆ ಎಂದ. ಗಂಗರಾಜ ನಂಬಲಿಲ್ಲ. ಕತ್ತಿ ಹಿರಿದು ಎದ್ದು ಮೊದಲು ತನ್ನ ಅಂತಃಪುರದ ಹೆಂಗಸರನ್ನೂ ಮಕ್ಕಳನ್ನೂ ಕೊಂದು, ಆಮೇಲೆ ಹೊರಗೆ ನುಗ್ಗಿ ಹೋರಾಡಿ ಸತ್ತ. ಇದನ್ನು ಕಂಡ ಅಳಿಯಂದಿರು ಹೇಸಿ ಗಗನಚುಕ್ಕಿಗೆ ಹಾರಿಕೊಂಡರು. ಅವರ ಹಿಂದೆಯೇ ಹೆಂಡಂದಿರೂ ಹಾರಿದರು. ಆಮೇಲೆ ಚನ್ನಪಟ್ಟಣದ ಜಗದೇವರಾಯನೂ ತಲಕಾಡಿನ ಶ್ರೀರಂಗರಾಜನೂ ಬಂದು ಪಟ್ಟಣದ ಜನವನ್ನೂ ಸಂಪತ್ತನ್ನೂ ಸಾಗಿಸಿಕೊಂಡು ಹೋದರು. ದ್ವೀಪ ಹಾಳುಬಿತ್ತು. ಈ ಅನಾಹುತಕ್ಕೆಲ್ಲ ಕಾರಣ ಆ ಇಬ್ಬರು ಹೆಣ್ಣುಮಕ್ಕಳ ಸೊಕ್ಕು.

ಕಥೆ ಮುಗಿಯಿತು.

ಇದನ್ನು ಬರವಣಿಗೆಗೆ ಇಳಿಸಿದವನು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಈ ಸೀಮೆಯಲ್ಲಿ ಏನು ಬೆಳೆಯುತ್ತದೆ, ಜನ ಹೇಗಿದ್ದಾರೆ ಎಂದು ನೋಡಿ ಬರಲು ಕಂಪನಿ ಸರ್ಕಾರ ಅವನನ್ನು ಕಳಿಸಿತು. 1800 ಮತ್ತು 1801ರಲ್ಲಿ ಊರೂರು ತಿರುಗಿದ ಅವನು ಕಂಡದ್ದನ್ನೂ ಕೇಳಿದ್ದನ್ನೂ ದಿನಚರಿಯ ಹಾಗೆ ಬರೆದುಕೊಂಡ. 1807ರಲ್ಲಿ ಅದು ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಅಲ್ಲಿಂದ ಮುಂದೆ ಈ ಕಥೆ ಬರೆಯುವವರ ಕೈಯಿಂದ ಕೈಗೆ ದಾಟಿತು, ಪ್ರವಾಸಿಗಳ ಬಾಯಿಗೂ ಬಂತು. ಬುಕಾನನ್ ಕಥೆ ಕಟ್ಟಿದವನಲ್ಲ, ಕೇಳಿದವನು. ಅವನಿಗೆ ಹೇಳಿದವರು ಇಲ್ಲಿಯವರೇ. ಆದ್ದರಿಂದ ದೊರೆಯೊಬ್ಬನ ಮೇಲೆ ತಪ್ಪು ಹೊರಿಸಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಕಥೆ ನಮ್ಮದು.

ಈಗ ಚರಿತ್ರೆ ಏನು ಹೇಳುತ್ತದೆ ನೋಡೋಣ. ಹದಿನೈದನೆಯ ಶತಮಾನದ ಕೊನೆಗೆ ಈ ಭಾಗದಲ್ಲಿ ಬಲವಾಗಿದ್ದವರು ಉಮ್ಮತ್ತೂರಿನ ಅರಸರು. ಉಮ್ಮತ್ತೂರು ಇಂದು ಚಾಮರಾಜನಗರದ ಕಡೆಯ ಒಂದು ಹಳ್ಳಿ. ಆಗ ವಿಜಯನಗರಕ್ಕೇ ಸೆಡ್ಡು ಹೊಡೆದ ಪಾಳೆಯಪಟ್ಟು. ಕೃಷ್ಣದೇವರಾಯ 1509ರಲ್ಲಿ ಪಟ್ಟಕ್ಕೆ ಬಂದ ಮೇಲೆ ಮೊದಮೊದಲು ಮಾಡಿದ ಕೆಲಸಗಳಲ್ಲಿ ಒಂದು ಈ ಉಮ್ಮತ್ತೂರಿನ ಗಂಗರಾಜನನ್ನು ಬಗ್ಗುಬಡಿಯುವುದು. 1510ರಿಂದ 1512ರ ನಡುವೆ ಆ ದಂಡಯಾತ್ರೆ ನಡೆಯಿತು. ಗಂಗರಾಜನ ಕೊನೆಯ ಆಸರೆ ಶಿವನಸಮುದ್ರದ ದ್ವೀಪದ ಕೋಟೆ. ವಿಜಯನಗರದ ಸೈನ್ಯ ಅದಕ್ಕೆ ಮುತ್ತಿಗೆ ಹಾಕಿ ಗೆದ್ದಿತು, ಗಂಗರಾಜ ಕಾವೇರಿಯಲ್ಲಿ ಮುಳುಗಿ ಸತ್ತನೆಂದು ಇತಿಹಾಸಕಾರರು ಬರೆಯುತ್ತಾರೆ. ಆಮೇಲೆ ಈ ಸೀಮೆ ಶ್ರೀರಂಗಪಟ್ಟಣದಿಂದ ಆಳುವ ವಿಜಯನಗರದ ಪ್ರಾಂತ್ಯವಾಯಿತು.

ದಕ್ಷಿಣದ ಅತಿ ದೊಡ್ಡ ಸಾಮ್ರಾಜ್ಯದ ಸೈನ್ಯ ಬಂದು ಮುತ್ತಿದರೆ ಕೋಟೆ ಬೀಳುತ್ತದೆ. ಇದರಲ್ಲಿ ಆಶ್ಚರ್ಯ ಏನಿದೆ? ಆಶ್ಚರ್ಯ ಇರುವುದು ಬೇರೆ ಕಡೆ. ಜನರ ಕಥೆಯಲ್ಲಿ ಕೃಷ್ಣದೇವರಾಯನೇ ಇಲ್ಲ! ಅಷ್ಟು ಆನೆ, ಕುದುರೆ, ಕಾಲಾಳು ಎಲ್ಲ ಕರಗಿಹೋಗಿ ಆ ಜಾಗದಲ್ಲಿ ಇಬ್ಬರು ಹೆಣ್ಣುಮಕ್ಕಳ ತವರಿನ ಮಾತು ಬಂದು ಕೂತಿದೆ. ದೊರೆಯ ಹೆಸರು ಒಂದೇ, ದ್ವೀಪ ಒಂದೇ, ಮುತ್ತಿಗೆಯೂ ಇದೆ. ಕಾರಣ ಮಾತ್ರ ಬದಲಾಗಿದೆ.

ನಾನು ಇತಿಹಾಸ ಕಲಿತವಳಲ್ಲ, ಸಾಹಿತ್ಯ ಓದಿದವಳು. ಹಾಗಾಗಿ ಈ ಕಥೆಯನ್ನು ಕಥೆಯ ಹಾಗೆಯೇ ಓದಿ ನೋಡುತ್ತೇನೆ. ಒಳ್ಳೆಯ ಕಥೆಗೆ ಒಂದು ನ್ಯಾಯ ಇರುತ್ತದೆ. ಯಾರ ಕೈಯಿಂದ ಏನಾಯಿತೋ ಅದರ ಭಾರ ಅವರ ಮೇಲೆ ಬೀಳುತ್ತದೆ. ಇಲ್ಲಿ ಹಾಗಿದೆಯೇ?

ಮೊದಲು ಹೆಸರುಗಳನ್ನು ನೋಡಿ. ತಂದೆಗೆ ಹೆಸರಿದೆ, ಅಜ್ಜನಿಗೆ ಹೆಸರಿದೆ. ಅಳಿಯಂದಿರ ಊರುಗಳಿವೆ, ಅವರಲ್ಲಿ ಒಬ್ಬನಿಗೆ ಹೆಸರೂ ಇದೆ. ಕೊನೆಗೆ ಬಂದು ದೋಚಿಕೊಂಡು ಹೋದವರಿಗೂ ಹೆಸರಿದೆ. ಯಾರಿಂದ ಎಲ್ಲವೂ ನಾಶವಾಯಿತೆಂದು ಕಥೆ ಹೇಳುತ್ತದೋ ಆ ಇಬ್ಬರಿಗೆ ಮಾತ್ರ ಹೆಸರಿಲ್ಲ. ಅಷ್ಟು ದೊಡ್ಡ ಅಪರಾಧಿಗಳ ಹೆಸರನ್ನು ಊರು ಮರೆಯುತ್ತದೆಯೇ? ನಮ್ಮೂರಲ್ಲಿ ಕೋಳಿ ಕದ್ದವನ ಹೆಸರನ್ನೇ ಮೂರು ತಲೆಮಾರು ನೆನಪಿಡುತ್ತಾರಲ್ಲ!

ಎರಡನೆಯದು ದಳವಾಯಿ. ಹನ್ನೆರಡು ವರ್ಷ ಜಗ್ಗದ ಕೋಟೆ ಜಗ್ಗಿದ್ದು ಅವನು ಕಾವಲು ತೆಗೆಸಿದ ದಿನ. ಉಂಡ ಮನೆಗೆ ಎರಡು ಬಗೆದವನು ಅವನು. ಅವನಿಗೆ ಏನಾಯಿತು? ಕಥೆ ಹೇಳುವುದಿಲ್ಲ. ಸತ್ತನೋ, ಬದುಕಿದನೋ, ಲಂಚದ ಹೊನ್ನು ಎಣಿಸಿಕೊಂಡನೋ, ಒಂದು ಮಾತೂ ಇಲ್ಲ. ಚದುರಂಗದ ಹಾಸಿನ ಪಕ್ಕದಲ್ಲಿ ಅವನನ್ನು ಹಾಗೇ ಬಿಟ್ಟು ಕಥೆ ಮುಂದೆ ಹೋಗುತ್ತದೆ. ಅವನ ಸೊಕ್ಕು ಯಾವ ಅನಾಹುತಕ್ಕೂ ಕಾರಣವಲ್ಲವಂತೆ.

ಮೂರನೆಯದು ತಂದೆ. ಮನೆಯ ಹೆಂಗಸರನ್ನೂ ಮಕ್ಕಳನ್ನೂ ತನ್ನ ಕೈಯಾರೆ ಕಡಿದು ಹೊರಗೆ ಬಂದವನ ಸಾವು ಕಥೆಯಲ್ಲಿ ಗೌರವದ ಸಾವು. ಆ ಹೆಂಗಸರು ಏನಂದರು, ಒಬ್ಬಳಾದರೂ ಬಾಗಿಲಿಗೆ ಅಡ್ಡ ನಿಂತಳೇ, ಮಗುವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳೇ, ಅದಕ್ಕೆಲ್ಲ ಅಲ್ಲಿ ಜಾಗ ಇಲ್ಲ. ಆ ಕಾಲದ ಯುದ್ಧದಲ್ಲಿ ಸೋತವರ ಅಂತಃಪುರಕ್ಕೆ ಏನು ಗತಿಯಾಗುತ್ತಿತ್ತು ಎಂಬುದು ನನಗೂ ತಿಳಿದ ವಿಷಯವೇ. ಆದರೂ ಕೊಂದವನಿಗೆ ಮೆಚ್ಚುಗೆ, ಮಾತಾಡಿದವರಿಗೆ ಶಾಪ ಎಂಬ ಲೆಕ್ಕ ನನ್ನ ಮನಸ್ಸಿಗೆ ಇಳಿಯುವುದಿಲ್ಲ.

ನಾಲ್ಕನೆಯದು ಆ ಮಾತು. ಅವರು ಆಡಿದ್ದಾದರೂ ಏನು? ಅಪ್ಪನ ಮನೆ ಚೆನ್ನಾಗಿತ್ತು ಎಂದರು. ಸುಳ್ಳು ಹೇಳಲಿಲ್ಲ. ಕಥೆಯೇ ಒಪ್ಪುತ್ತದೆ, ಶಿವನಸಮುದ್ರ ಅಷ್ಟು ವೈಭವದಲ್ಲಿತ್ತು ಎಂದು. ಹೆಂಡತಿಯ ಮಾತಿಗೆ ಸಿಟ್ಟು ಬಂದು ಇಬ್ಬರು ಗಂಡಸರು ಹನ್ನೆರಡು ವರ್ಷ ದಂಡು ಕಟ್ಟಿಕೊಂಡು ನಿಂತರೆ ಅದಕ್ಕೆ ಮಾವನ ಸಿರಿಯ ಮೇಲಿನ ಕಣ್ಣು ಎಂದು ಹೆಸರಿಡಬೇಕೋ, ಹೆಂಡತಿಯ ಸೊಕ್ಕು ಎಂದು ಹೆಸರಿಡಬೇಕೋ? ನೀವೇ ಹೇಳಿ.

ಇಷ್ಟು ಹಳೆಯ ಕಥೆಯನ್ನು ಹಿಡಿದು ಇವಳೇಕೆ ಹೀಗೆ ಎಳೆದಾಡುತ್ತಿದ್ದಾಳೆ ಎಂದು ನಿಮಗನ್ನಿಸಬಹುದು. ಕಾರಣ ಇದೆ. ಕಥೆಗಳು ಕೋಟೆಯ ಹಾಗೆ ಹಾಳುಬಿದ್ದು ಸುಮ್ಮನಿರುವುದಿಲ್ಲ. ಅವು ಮನೆಯೊಳಗೆ ಬಂದು ಕೆಲಸ ಮಾಡುತ್ತವೆ. ನಮ್ಮ ಮನೆಯಲ್ಲಿ ಈ ಕಥೆಯನ್ನು ಹೇಳುತ್ತಿದ್ದುದು ಹುಡುಗಿಯರಿಗೆ, ಅದೂ ಮದುವೆ ಗೊತ್ತಾದ ಮೇಲೆ. ನನ್ನ ಅಜ್ಜಿ ಒಳ್ಳೆಯವಳು, ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ. ತನ್ನ ಅನುಭವದಲ್ಲಿ ಕಂಡ ಬುದ್ಧಿಯನ್ನೇ ನಮಗೆ ಹೇಳುತ್ತಿದ್ದಳು: ಗಂಡನ ಮನೆಯಲ್ಲಿ ತವರಿನ ಸುದ್ದಿ ಎತ್ತಬೇಡಿ.

ನನ್ನ ಚಿಕ್ಕಮ್ಮನ ಮಗಳು ಈ ಬುದ್ಧಿಮಾತನ್ನು ಅಕ್ಷರಶಃ ಪಾಲಿಸಿದಳು. ರೇಷ್ಮೆ ವ್ಯಾಪಾರದ ಮನೆಯಲ್ಲಿ ಬೆಳೆದವಳು. ಮನೆಯಲ್ಲಿ ಲೆಕ್ಕ ಬರೆಯುತ್ತಿದ್ದವಳೂ ಅವಳೇ, ಗೂಡಿನ ದರ ಬಾಯಿಗೆ ಬರುತ್ತಿತ್ತು. ಮದುವೆಯಾಗಿ ಹೋದ ಮನೆಯಲ್ಲಿ ಒಂದು ಸಲ, ನಮ್ಮ ಮನೆಯಲ್ಲಿ ಲೆಕ್ಕವನ್ನು ಹೀಗೆ ಇಡುತ್ತಿದ್ದೆವು ಎಂದಳಂತೆ. ದೊಡ್ಡ ಮನೆಯಿಂದ ಬಂದವಳು ನೀನು, ನಮಗೆ ಬುದ್ಧಿ ಹೇಳುತ್ತೀಯಾ ಎಂಬ ಮಾತು ಬಂತು. ಅಲ್ಲಿಗೆ ಬಾಯಿ ಮುಚ್ಚಿದಳು. ಎಷ್ಟು ಮುಚ್ಚಿದಳೆಂದರೆ ಆ ಮನೆಯ ವ್ಯಾಪಾರದಲ್ಲಿ ಒಬ್ಬ ಗುಮಾಸ್ತ ವರ್ಷಗಟ್ಟಲೆ ತಪ್ಪು ಲೆಕ್ಕ ಬರೆಯುತ್ತಿದ್ದುದು ಕಣ್ಣಿಗೆ ಕಂಡರೂ ಹೇಳಲಿಲ್ಲ. ಮನೆ ಮುಳುಗಿತು. ಆಗ ಬಂದ ಮಾತೇನು ಗೊತ್ತೇ? ಗೊತ್ತಿದ್ದರೂ ಹೇಳಲಿಲ್ಲವಲ್ಲ, ಎಂಥ ಹೆಂಗಸು ಎಂದು! ಮಾತಾಡಿದರೆ ಕೋಟೆ ಬೀಳುತ್ತದೆ, ಸುಮ್ಮನಿದ್ದರೆ ಮನೆ ಮುಳುಗುತ್ತದೆ. ದಳವಾಯಿಗಳನ್ನು ಮಾತ್ರ ಯಾರೂ ಕೇಳುವುದಿಲ್ಲ.

ಎಲ್ಲ ಕಥೆಗಳೂ ಹೀಗೆಯೇ ಎಂದು ಹೇಳಿದರೆ ನಮ್ಮ ಸೀಮೆಗೆ ಅನ್ಯಾಯ ಮಾಡಿದಂತೆ. ಇದೇ ಕಾವೇರಿಯ ದಂಡೆಯಲ್ಲಿ, ಶಿವನಸಮುದ್ರಕ್ಕಿಂತ ಸ್ವಲ್ಪ ಮೇಲೆ, ತಲಕಾಡಿನ ಎದುರಿಗೆ ಮಾಲಂಗಿ ಇದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ಮೇಲೆ ಅಲಮೇಲಮ್ಮ ಒಡವೆಗಳೊಡನೆ ಹೊಳೆಗೆ ಬಿದ್ದಳೆಂಬುದು ಆ ಊರಿನ ಐತಿಹ್ಯ. ಅವಳೂ ನದಿಗೆ ಹಾರಿದವಳೇ. ಆದರೆ ಹಾರುವ ಮುಂಚೆ ಅವಳು ಮಾತಾಡಿದಳು, ಶಾಪ ಕೊಟ್ಟಳು. ಆ ಶಾಪವನ್ನು ಜನ ಇಂದಿಗೂ ಬಾಯಲ್ಲಿ ಇಟ್ಟುಕೊಂಡಿದ್ದಾರೆ. ಶಾಪಕ್ಕೆ ಗುರಿಯಾದ ಅರಮನೆಯೇ ಅವಳ ಮೂರ್ತಿಯನ್ನು ಇಟ್ಟು ಪೂಜಿಸುತ್ತ ಬಂದಿದೆ. ಮರಳು ತುಂಬಿದ್ದಕ್ಕೆ ಗಾಳಿ, ನದಿಯ ತಿರುವು, ಅಣೆಕಟ್ಟೆ ಎಂದು ವಿಜ್ಞಾನಿಗಳು ಬೇರೆ ಕಾರಣ ಕೊಡುತ್ತಾರೆ, ಅದು ಬೇರೆ ವಿಷಯ. ಆ ಕಥೆಯಲ್ಲಿ ಹೆಣ್ಣಿಗೆ ಹೆಸರಿದೆ, ಕಾರಣವಿದೆ, ಕೊನೆಯ ಮಾತೂ ಅವಳದೇ ಎಂಬುದನ್ನು ನೋಡಿ.

ಇನ್ನು ಹನೂರಿನ ಕಡೆ ಬನ್ನಿ. ಮಲೆ ಮಹದೇಶ್ವರ ಬೆಟ್ಟ ಈಗ ಹನೂರು ತಾಲ್ಲೂಕಿಗೆ ಸೇರಿದೆ. ಅಲ್ಲಿ ಕಂಸಾಳೆಯವರು ರಾತ್ರಿಯಿಡೀ ಹಾಡುವ ಮಾದಪ್ಪನ ಕಾವ್ಯದಲ್ಲಿ ಸಂಕಮ್ಮನ ಸಾಲು ಬರುತ್ತದೆ. ಗಂಡ ನೀಲೇಗೌಡ ಕಾಡಿಗೆ ಹೊರಡುವ ಮುಂಚೆ ಅವಳಿಂದ ಶೀಲದ ಭಾಷೆ ಕೇಳುತ್ತಾನೆ. ಸಂಕಮ್ಮ ಕೊಡಲೊಲ್ಲಳು. ಅವನು ಚಿತ್ರಹಿಂಸೆ ಕೊಡುತ್ತಾನೆ. ಒಬ್ಬ ಹೆಂಗಸು ಗಂಡನಿಗೆ ಎದುರಾಡಿದ್ದರಿಂದ ಆದ ಅನಾಹುತ ಎಂದು ಮುಗಿಸಿಬಿಡಬಹುದಾಗಿದ್ದ ಕಥೆ. ಕಾವ್ಯ ಹಾಗೆ ಮಾಡುವುದಿಲ್ಲ. ಸಾಕ್ಷಾತ್ ಮಾದಪ್ಪನೇ ಅವಳ ಕಡೆ ಬಂದು ನಿಲ್ಲುತ್ತಾನೆ. ಅವಳಿಗೆ ಕಾರಯ್ಯ ಬಿಲ್ಲಯ್ಯರೆಂಬ ಇಬ್ಬರು ಮಕ್ಕಳನ್ನು ಅನುಗ್ರಹಿಸುತ್ತಾನೆ. ಓದುಬರಹ ಬಾರದ ಗುಡ್ಡರು ಕಟ್ಟಿ ಹಾಡಿದ ಕಾವ್ಯಕ್ಕೆ, ಹಿಂಸೆ ಕೊಟ್ಟವನು ಯಾರು, ಉಂಡವಳು ಯಾರು ಎಂಬುದು ಗೊತ್ತಿತ್ತು. ಕೇಳುತ್ತ ಕೂತ ಹೆಂಗಸರು ಕಣ್ಣೊರೆಸಿಕೊಳ್ಳುವುದು ಅದಕ್ಕೇ. ಒಂದೇ ಸೀಮೆಯಲ್ಲಿ ಎರಡು ಬಗೆಯ ಕಥೆ ಹುಟ್ಟಬಲ್ಲದು ಎಂದಾದರೆ ಶಿವನಸಮುದ್ರದ ಕಥೆಯನ್ನು ಕಾಲಧರ್ಮ ಎಂದು ಬಿಟ್ಟುಬಿಡುವಂತಿಲ್ಲ.

ಹಾಗಾದರೆ ಹಾಳುಬಿದ್ದ ಕೋಟೆಯನ್ನೂ ಕೆಟ್ಟ ಕಥೆಯನ್ನೂ ಏನು ಮಾಡಬೇಕು? ಜೀರ್ಣೋದ್ಧಾರ ಎಂಬ ಮಾತು ನಮಗೆ ಹೊಸದಲ್ಲ. ಶಿವನಸಮುದ್ರದಲ್ಲೇ ಒಂದು ದೊಡ್ಡ ಜೀರ್ಣೋದ್ಧಾರ ಆಗಿದೆ. ಹತ್ತೊಂಬತ್ತನೆಯ ಶತಮಾನ ಶುರುವಾಗುವ ಹೊತ್ತಿಗೆ ದ್ವೀಪ ಕಾಡು ಬೆಳೆದು, ಹಳೆಯ ಸೇತುವೆ ಮುರಿದು, ಜನಸಂಚಾರವಿಲ್ಲದೆ ಬಿದ್ದಿತ್ತು. ಮೈಸೂರಿನ ರೆಸಿಡೆಂಟರ ಕೈಕೆಳಗಿದ್ದ ರಾಮಸ್ವಾಮಿ ಮುದಲಿಯಾರ್ ಎಂಬುವರು ಕಾಡು ಕಡಿಸಿ, ಗುಡಿಗಳನ್ನು ಸರಿಪಡಿಸಿ, ಹೊಳೆಯ ಬಂಡೆಗಳ ಮೇಲೆ ಕಲ್ಲುಕಂಬ ನಿಲ್ಲಿಸಿ, ಮೇಲೆ ಕಲ್ಲಿನ ತೊಲೆ ಹಾಸಿ ಸೇತುವೆಗಳನ್ನು ಕಟ್ಟಿಸಿದರು. ಅದಕ್ಕಾಗಿ ಅವರಿಗೆ ಜನೋಪಕಾರ ಮಾಡಿದವರೆಂಬ ಬಿರುದೂ ಜಹಗೀರಿಯೂ ಸಿಕ್ಕಿತು. ಸೇತುವೆಗಳಿಗೆ ಹೆಸರು ಮಾತ್ರ ವೆಲ್ಲೆಸ್ಲಿ, ಲಷಿಂಗ್ಟನ್ ಎಂಬ ದೊರೆಗಳದು. ಆ ಬಂಡೆಗಳಿಗೆ ಕಲ್ಲು ಹೊತ್ತವರಲ್ಲಿ ಹೆಂಗಸರೂ ಇದ್ದಿರಲೇಬೇಕು. ಅವರ ಹೆಸರನ್ನು ಕೇಳುವ ಪದ್ಧತಿ ಎಲ್ಲಿಯೂ ಇಲ್ಲ.

ಮುದಲಿಯಾರರು ಕೋಟೆಯನ್ನು ಮತ್ತೆ ಕಟ್ಟಿಸಲಿಲ್ಲ, ಸೇತುವೆಯನ್ನು ಕಟ್ಟಿಸಿದರು. ಇದು ನನಗೆ ಬಹಳ ಇಷ್ಟವಾಗುವ ಸಂಗತಿ. ಹಳೆಯದನ್ನು ಉಳಿಸುವಾಗ ಯಾವುದನ್ನು ಉಳಿಸಬೇಕೆಂದು ಆರಿಸಿಕೊಳ್ಳಲೇಬೇಕಾಗುತ್ತದೆ. ಅವರು ಜನ ಬಂದು ಹೋಗುವುದಕ್ಕೆ ಬೇಕಾದ್ದನ್ನು ಆರಿಸಿಕೊಂಡರು. 2018ರ ಮಳೆಗಾಲದಲ್ಲಿ ಕಾವೇರಿ ಉಕ್ಕಿ ಬಂದಾಗ ನಮ್ಮವರು ವೆಸ್ಲಿ ಸೇತುವೆ ಎಂದು ಕರೆಯುವ ಹಳೆಯ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಸುದ್ದಿ ಕೇಳಿ ಎಷ್ಟೋ ಜನ ಮರುಗಿದರು. ಅದರ ಮೇಲೆ ಗಾಡಿ ಓಡಾಡುವುದು ನಿಂತು ಎಷ್ಟೋ ಕಾಲವಾಗಿತ್ತು, ಪಕ್ಕದಲ್ಲೇ ಹೊಸ ಸೇತುವೆ ಇತ್ತು. ಆದರೂ ಮರುಗಿದರು. ಜನಕ್ಕೆ ಹಳೆಯದರ ಮೇಲೆ ಮಮತೆ ಇಲ್ಲ ಎಂಬ ಮಾತು ಸುಳ್ಳು.

ಮಮತೆ ಒಂದೇ ಸಾಲದು, ರೀತಿಯೂ ಬೇಕು. ನಮ್ಮೂರುಗಳಲ್ಲಿ ಜೀರ್ಣೋದ್ಧಾರ ಎಂದರೆ ಏನೆಂದು ನೀವೂ ನೋಡಿದ್ದೀರಿ. ಕಲ್ಲಿನ ಗುಡಿಗೆ ಸಿಮೆಂಟು ಮೆತ್ತುವುದು, ಮೇಲೆ ಎಣ್ಣೆಬಣ್ಣ ಹಚ್ಚುವುದು, ನೆಲಕ್ಕೆ ಜಾರುವ ಟೈಲ್ಸ್ ಹಾಕಿಸುವುದು, ಬಾಗಿಲಲ್ಲಿ ದಾನಿಗಳ ಹೆಸರು ಕೆತ್ತಿಸುವುದು. ಹಳೆಯ ಸುಣ್ಣದ ಗಾರೆ ಉಸಿರಾಡುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ. ನೀರು ಒಳಗೇ ಸಿಕ್ಕಿ ಉಪ್ಪು ಕಟ್ಟಿ ಕಲ್ಲಿನ ಮುಖ ಪದರ ಪದರವಾಗಿ ಉದುರುತ್ತದೆ. ಹೊರಗೆ ನೋಡಲು ಹೊಸದು, ಒಳಗೆ ಕೊಳೆತ. ಬಲ್ಲವರ ರೀತಿ ಬೇರೆ. ತಲಕಾಡಿನಲ್ಲಿ ಹೊಯ್ಸಳ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣನ ಗುಡಿ ಕುಸಿಯುತ್ತಿದ್ದಾಗ ಪುರಾತತ್ವ ಇಲಾಖೆಯವರು ಕಲ್ಲು ಕಲ್ಲಿಗೂ ಸಂಖ್ಯೆ ಬರೆದು, ಬಿಚ್ಚಿ, ಅದೇ ಕಲ್ಲನ್ನು ಅದೇ ಜಾಗಕ್ಕೆ ಮತ್ತೆ ಕೂರಿಸಿದರು. ಇನ್ನೊಂದು ನಿಯಮ ಇದೆ, 1964ರಲ್ಲಿ ವೆನಿಸ್ ನಗರದಲ್ಲಿ ಕೂತು ಹಲವು ದೇಶದವರು ಒಪ್ಪಿಕೊಂಡದ್ದು. ಕಳೆದುಹೋದ ಭಾಗಕ್ಕೆ ಹೊಸದನ್ನು ಸೇರಿಸಲೇಬೇಕಾದರೆ ಅದು ಹೊಸದೆಂದು ಗೊತ್ತಾಗುವಂತೆ ಸೇರಿಸಬೇಕು, ಹಳೆಯದೆಂದು ನಂಬಿಸಬಾರದು. ಊಹೆ ಶುರುವಾದ ಕಡೆ ಕೆಲಸ ನಿಲ್ಲಬೇಕು.

ಕಥೆಗೂ ಇದೇ ನಿಯಮ ಎನ್ನುತ್ತೇನೆ ನಾನು. ಆ ಕೊನೆಯ ಮಾತಿದೆಯಲ್ಲ, ಎಲ್ಲಕ್ಕೂ ಕಾರಣ ಹೆಣ್ಣುಮಕ್ಕಳ ಸೊಕ್ಕು ಎಂಬುದು, ಅದು ಸಿಮೆಂಟಿನ ಮೆತ್ತು. ದಳವಾಯಿಯ ದ್ರೋಹ, ಅಳಿಯಂದಿರ ಆಸೆ, ಸಾಮ್ರಾಜ್ಯದ ಸೈನ್ಯ ಈ ಮೂರೂ ಬಿರುಕುಗಳನ್ನು ಒಂದೇ ಏಟಿಗೆ ಮುಚ್ಚಿ ನುಣ್ಣಗೆ ಮಾಡಿದ ಮೆತ್ತು. ಅದನ್ನು ಕೆತ್ತಿ ತೆಗೆಯಬೇಕು. ತೆಗೆದ ಮೇಲೆ ಏನು ಮಾಡಬೇಕೆಂಬ ವಿಷಯದಲ್ಲಿ ನನಗೂ ನನ್ನ ಕೆಲವು ಗೆಳತಿಯರಿಗೂ ಜಗಳ ಇದೆ. ಒಬ್ಬಳು ಹೇಳುತ್ತಾಳೆ, ಆ ಇಬ್ಬರಿಗೂ ಒಳ್ಳೆಯ ಹೆಸರಿಟ್ಟು ನಾಟಕ ಬರೆಯೋಣ, ಕೈಗೆ ಕತ್ತಿ ಕೊಡೋಣ, ತಂದೆಯ ಕೋಟೆ ಕಾಯುವುದಕ್ಕೆ ಕುದುರೆಯೇರಿ ಬರಲಿ ಎಂದು. ಕೇಳಲು ಹಿತವಾಗಿದೆ. ಆದರೆ ಅದು ಹಳೆಯ ಗುಡಿಯ ಮೇಲೆ ಹೊಸ ಬಣ್ಣದ ಗೋಪುರ ಕೂರಿಸಿದ ಹಾಗೆ. ನಾಟಕವನ್ನು ನಾಟಕವೆಂದೇ ಹೇಳಿ ಆಡಿದರೆ ನನ್ನ ತಕರಾರಿಲ್ಲ. ಚರಿತ್ರೆಯೆಂದು ಹೇಳಿಕೊಟ್ಟರೆ, ಅವರನ್ನು ಬಯ್ದವರು ಮಾಡಿದ್ದನ್ನೇ ನಾವೂ ಮಾಡಿದಂತಾಯಿತು. ಅವರು ಇಲ್ಲದ ತಪ್ಪು ಹೊರಿಸಿದರು, ನಾವು ಇಲ್ಲದ ಕತ್ತಿ ಹೊರಿಸುತ್ತೇವೆ. ಕತ್ತಿ ಹಿಡಿಯದ ಹೆಣ್ಣಿಗೂ ತನ್ನ ತವರನ್ನು ಹೊಗಳುವ ಹಕ್ಕಿದೆ.

ಜನ ತಾವಾಗಿಯೇ ಒಳ್ಳೆಯ ಹೆಸರಿಡುವುದೂ ಉಂಟು. ಯಳಂದ‌ೂರಿಗೆ ಹೋದರೆ ಅದು ತಿಳಿಯುತ್ತದೆ. ಎಳೆಯ ಚಂದ್ರನ ಊರೆಂದು ಅದನ್ನು ಬಾಲೇಂದುಪುರ ಎಂದೂ ಕರೆದರು. ಅಲ್ಲಿಯೂ ಒಂದು ಪಾಳೆಯಪಟ್ಟು ಇತ್ತು, ಹದಿನಾಡಿನ ಅರಸರದು. 1807ರಲ್ಲಿ ಆ ಊರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಿಯಾಗಿ ಹೋಯಿತು. ಹದಿನಾಡಿನವರ ಅರಮನೆಯೂ ಈಗ ಇಲ್ಲ. ಅವರ ಮನೆತನದ ಸಿಂಗದೇಪ ಸುಮಾರು 500 ವರ್ಷಗಳ ಹಿಂದೆ ಕಟ್ಟಿಸಿದ ಗೌರೀಶ್ವರನ ಗುಡಿ ಇದೆ. ಅದರ ಮುಂದಿನ ಮಹಾದ್ವಾರದ ಮೂಲೆಗಳಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಬಳೆಗಳು ಒಂದರೊಳಗೊಂದು ಸೇರಿ ಸರಪಳಿಯಾಗಿ ತೂಗಾಡುತ್ತಿದ್ದವು. ಗೋಡೆಯ ಮೇಲೆ ನರಸಿಂಹನಿದ್ದಾನೆ, ಕಾಳಿಂಗನನ್ನು ಮೆಟ್ಟಿದ ಕೃಷ್ಣನಿದ್ದಾನೆ, ವಾಲಿ ಸುಗ್ರೀವರಿದ್ದಾರೆ. ಜನ ಇವರ್ಯಾರ ಹೆಸರನ್ನೂ ಇಡಲಿಲ್ಲ, ದೊರೆಯ ಹೆಸರನ್ನೂ ಇಡಲಿಲ್ಲ. ಬಳೇಮಂಟಪ ಎಂದರು! ಸರಪಳಿ ಎಂದೂ ಕರೆಯಬಹುದಿತ್ತು, ಸಂಕೋಲೆ ಎಂದೂ ಕರೆಯಬಹುದಿತ್ತು. ಹಾಗೆ ಕಾಣಲಿಲ್ಲ ಅವರ ಕಣ್ಣಿಗೆ. ಹೆಣ್ಣಿನ ಕೈ ಕಂಡಿತು.

ಅದೇ ಯಳಂದೂರಿನವಳು ಸಂಚಿ ಹೊನ್ನಮ್ಮ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹೊರುವ ಊಳಿಗದವಳು. ಅವಳು ಬರೆದ ‘ಹದಿಬದೆಯ ಧರ್ಮ’ ಪತಿವ್ರತೆಯ ಕರ್ತವ್ಯ ಹೇಳುವ ಪುಸ್ತಕ, ಇಂದು ಓದುವಾಗ ಅಲ್ಲಲ್ಲಿ ನಮಗೆ ಇರಿಸುಮುರಿಸಾಗುತ್ತದೆ, ನಿಜ. ಆದರೂ ಆ ಚೌಕಟ್ಟಿನೊಳಗೆ ನಿಂತೇ ಅವಳು ಹೆಣ್ಣೆಂದು ಬೀಳುಗಳೆಯುವವರನ್ನು ನೇರವಾಗಿ ಪ್ರಶ್ನಿಸಿದಳು. ರಾಜನ ಮುಂದೆ ಸಂಚಿ ಹಿಡಿದು ನಿಂತವಳ ಹೆಸರು ಉಳಿಯಿತು, ರಾಜನ ಮನೆಯಲ್ಲೇ ಹುಟ್ಟಿದ ಗಂಗರಾಜನ ಮಕ್ಕಳ ಹೆಸರು ಉಳಿಯಲಿಲ್ಲ. ವ್ಯತ್ಯಾಸ ಒಂದೇ. ಹೊನ್ನಮ್ಮ ತನ್ನ ಮಾತನ್ನು ತಾನೇ ಬರೆದಿಟ್ಟಳು. ಅವರ ಮಾತನ್ನು ಬೇರೆಯವರು ಹೇಳಿದರು.

ಇನ್ನೊಮ್ಮೆ ಭರಚುಕ್ಕಿ ನೋಡಲು ಹೋದಾಗ ಬುತ್ತಿ ಬಿಚ್ಚಿ ಕೂತ ಹೊತ್ತಿನಲ್ಲಿ ಮಕ್ಕಳಿಗೆ ಈ ಕಥೆಯನ್ನು ನೀವೂ ಹೇಳಿ, ಹೇಳದೆ ಬಿಡಬೇಡಿ. ಅಳಿಯಂದಿರನ್ನೂ ಹೇಳಿ, ಚದುರಂಗವನ್ನೂ ಹೇಳಿ, ಮಕ್ಕಳಿಗೆ ಚದುರಂಗದ ಭಾಗ ಬಹಳ ಹಿಡಿಸುತ್ತದೆ. ಕೃಷ್ಣದೇವರಾಯನ ದಂಡು ಬಂದ 1510, 1512 ಎಂಬ ವರ್ಷಗಳನ್ನೂ ಸೇರಿಸಿ. ಗಂಗರಾಜನ ಹೆಣ್ಣುಮಕ್ಕಳ ಹೆಸರೇನು ಎಂದು ಯಾವುದಾದರೂ ಮಗು ಕೇಳಿದರೆ, ಕೇಳಿಯೇ ಕೇಳುತ್ತದೆ, ಯಾವ ಹೆಸರನ್ನೂ ಕಟ್ಟಿ ಹೇಳಬೇಡಿ. ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ ಮಗು ಎಂದು ಹೇಳಿ. ಆಮೇಲೆ ಕಾವಲು ತೆಗೆದವನು ಯಾರು ಎಂದು ನೀವೇ ತಿರುಗಿ ಕೇಳಿ.